ವರ: ಮಡೆಪ್ಪ, ವಧು: ನಿರೀಕ್ಷೆಯಲ್ಲಿ

ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಮಡೆಪ್ಪನಿಗೆ ತನ್ನ ಹೆಸರು ಎಲ್ಲಾದರೂ ಒಂದು ಕಡೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಬೇಕೆಂಬ ಆಸೆ ಇತ್ತು. ಇದು ತಪ್ಪೇನಲ್ಲ. ಊರಿನ ಗೋಡೆ, ಕಂಬ, ಚೌಕಗಳನ್ನು ನೋಡಿದರೆ ಈ ಆಸೆ ಬಹಳ ಜನರಿಗಿದೆ ಎಂದು ಗೊತ್ತಾಗುತ್ತದೆ. ಆದರೆ ದೇವರು ಕೆಲವರ ಆಸೆ ಪೂರೈಸುವಾಗ ಪೂರ್ತಿ ವಿವರ ಕೇಳುವುದಿಲ್ಲ.

ಅದು ಲಾತೂರಿಗೆ ರೈಲಿನಲ್ಲಿ ನೀರು ಕಳಿಸಿದ ವರ್ಷ. ಭಾಲ್ಕಿಯ ನಳಗಳು ಗಾಳಿ ಬಿಡುತ್ತಿದ್ದವು. ಸುತ್ತಲಿನ ಹಳ್ಳಿಗಳ ಜನ ಮನೆಗೆ ಬೀಗ ಹಾಕಿ ಹೈದರಾಬಾದಿಗೋ ಪುಣೆಗೋ ಗುಳೆ ಹೋಗುತ್ತಿದ್ದರು. ಮಡೆಪ್ಪನ ಹೆಂಡತಿ ಸುಂದರಬಾಯಿ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿ ಓಡಿ ಸಾಕಾಗಿ, ಒಂದು ದಿನ ಕೊಡವನ್ನು ಬಾಗಿಲಲ್ಲಿ ಬೋರಲು ಹಾಕಿ, ಔರಾದಿನ ತವರಿಗೆ ಹೊರಟಳು. ಅಪ್ಪನ ಬಾವಿಯಲ್ಲಿ ಇನ್ನೂ ನೀರಿದೆ, ನೀವೂ ಬನ್ನಿ ಎಂದಳು. ಕಂಪ್ಯೂಟರ್ ಕಲಿತ ಗಂಡಸು ಮಾವನ ಮನೆಯಲ್ಲಿ ಕೂತು ಉಣ್ಣುವುದೇ ಎಂದು ಮಡೆಪ್ಪ ಮೀಸೆ ತಿರುವಿದ. ಹಾಗಾದರೆ ಆ ಮೀಸೆಯನ್ನೇ ಹಿಂಡಿ ನೀರು ಕುಡಿಯಿರಿ ಎಂದು ಹೇಳಿ ಅವಳು ಬಸ್ಸು ಹತ್ತಿದಳು.

ಅಂದಿನಿಂದ ಮಡೆಪ್ಪನಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂಡಲಾಗದು. ಅಂಗಡಿ ತೆಗೆದರೆ ಮನೆಗೆ ಹೋಗಬೇಕೆನಿಸುತ್ತಿತ್ತು, ಮನೆಗೆ ಹೋದರೆ ಖಾಲಿ ಒಲೆ ಕಾಣುತ್ತಿತ್ತು. ಹೆಂಡತಿ ತಾನಾಗಿ ಬರಬೇಕು, ಅದೂ ಹೆಮ್ಮೆಯಿಂದ ಬರಬೇಕು. ಅದಕ್ಕೆ ತಾನು ದೊಡ್ಡ ಮನುಷ್ಯನಾದ ಸುದ್ದಿ ಔರಾದ ಮುಟ್ಟಬೇಕು ಎಂದು ಅವನು ಲೆಕ್ಕ ಹಾಕಿದ. ಬರಗಾಲದಲ್ಲಿ ಮನುಷ್ಯನ ತಲೆಗೆ ಇಂಥ ಯೋಚನೆಗಳು ಮಳೆಯಿಲ್ಲದೆಯೂ ಮೊಳೆಯುತ್ತವೆ.

ಆಗಲೇ ತೊಗರಿ ವ್ಯಾಪಾರದ ಶಿವರಾಜಪ್ಪನವರು ಒಂದು ಸಾಮೂಹಿಕ ವಿವಾಹ ಸಮಿತಿ ಕಟ್ಟಿದರು. ಆ ವರ್ಷ ಮಗಳ ಮದುವೆಗೆ ಊರೂಟ ಹಾಕುವ ಶಕ್ತಿ ಯಾರಿಗೂ ಇರಲಿಲ್ಲ. ಎಲ್ಲ ಜಾತಿಯ ಬಡವರ ಮದುವೆ ಒಂದೇ ಪೆಂಡಾಲಿನಲ್ಲಿ, ತಾಳಿ, ಸೀರೆ, ಊಟ ಸಮಿತಿಯದು. ಮಡೆಪ್ಪ ಅವರ ಅಂಗಡಿಯ ಗದ್ದಿಗೆ ಹೋಗಿ, ಜೋಡಿಗಳ ಪಟ್ಟಿಯನ್ನು ತಾನು ಪುಕ್ಕಟೆ ಕಂಪ್ಯೂಟರಿನಲ್ಲಿ ಮಾಡಿಕೊಡುವುದಾಗಿ ಹೇಳಿದ. ಪ್ರತಿಫಲವಾಗಿ ಫ್ಲೆಕ್ಸಿನ ಕೆಳಗೆ 'ಕಂಪ್ಯೂಟರ್ ಉಸ್ತುವಾರಿ: ಶ್ರೀ ಮಡೆಪ್ಪ' ಎಂದು ಹಾಕಿಸಿ, ಆ ಫ್ಲೆಕ್ಸನ್ನು ಭಾಲ್ಕಿ, ಬೀದರ ಮತ್ತು ಮುಖ್ಯವಾಗಿ ಔರಾದಿನಲ್ಲಿ ಕಟ್ಟಿಸಬೇಕು. ಶಿವರಾಜಪ್ಪನವರು ಇಷ್ಟೇ ಏನು ಎಂದು ಒಪ್ಪಿಕೊಂಡರು.

ಮಡೆಪ್ಪ ಬೀದರಿನ ಒಂದು ಕ್ಲಾಸಿನಲ್ಲಿ ಎಸ್‌ಕ್ಯೂಎಲ್ ಕಲಿತಿದ್ದ. ಅಂದರೆ ಹೆಸರುಗಳ ಪಟ್ಟಿ ಮಾಡುವುದು, ಆ ಪಟ್ಟಿಗೆ ಟೇಬಲ್ ಎನ್ನುವುದು, ಎರಡು ಟೇಬಲ್ಲುಗಳನ್ನು ಒಂದಕ್ಕೊಂದು ಕೂಡಿಸಿ ಅದಕ್ಕೆ ಜಾಯಿನ್ ಎನ್ನುವುದು. ಅವನು ವರರಿಗೊಂದು ಟೇಬಲ್, ವಧುಗಳಿಗೊಂದು ಟೇಬಲ್ ಮಾಡಿದ. ಪ್ರತಿ ವರನಿಗೊಂದು ನಂಬರು. ವಧುವಿನ ಹೆಸರಿನ ಮುಂದೆ ಅವಳ ವರನ ನಂಬರು. ಎರಡೂ ಕಡೆಯ ನಂಬರು ಒಪ್ಪಿದರೆ ಜೋಡಿ. ದೇವರು ಸ್ವರ್ಗದಲ್ಲಿ ಮಾಡುವ ಕೆಲಸವನ್ನೇ ತಾನು ಸ್ಟೇಷನ್ ರಸ್ತೆಯಲ್ಲಿ ಮಾಡುತ್ತಿದ್ದೇನೆ ಎಂದು ಅವನಿಗೆ ಅನಿಸಿದ್ದು ಸುಳ್ಳಲ್ಲ. ಟೇಬಲ್ ಸರಿಯಾಗಿದೆಯೇ ಎಂದು ನೋಡಲು ಮೊದಲ ಸಾಲಿನಲ್ಲಿ ತನ್ನ ಹೆಸರನ್ನೇ ಬರೆದ. ಹೊಸ ಪೆನ್ನು ಕೊಟ್ಟರೆ ನಾವೆಲ್ಲ ಮೊದಲು ಬರೆಯುವುದು ನಮ್ಮ ಹೆಸರನ್ನೇ ಅಲ್ಲವೆ. ಬರೆದು, ಅಳಿಸುವುದನ್ನು ಮರೆತ.

ಮೊದಲ ಪಟ್ಟಿ ಸಾದಾ ಜಾಯಿನ್‌ನಲ್ಲಿ ಬಂತು. ಅದರಲ್ಲಿ ಎರಡೂ ಕಡೆ ಭರ್ತಿಯಾದ ಜೋಡಿಗಳಷ್ಟೇ ಇದ್ದವು. ಮಡೆಪ್ಪನ ಮುಂದೆ ವಧು ಇಲ್ಲದ್ದರಿಂದ ಅವನ ಹೆಸರು ಕಾಣಲಿಲ್ಲ. ಆದರೆ ಅಷ್ಟೂರಿನ ನರಸಿಂಗ ಎಂಬ ಹುಡುಗನ ಹೆಸರೂ ಕಾಣಲಿಲ್ಲ. ಅವನ ವಧುವಿನ ಮನೆಯವರು ಪುಣೆಗೆ ಗುಳೆ ಹೋಗಿದ್ದರು, ಅವಳ ಅರ್ಜಿ ಇನ್ನೂ ಬಂದಿರಲಿಲ್ಲ. ಹುಡುಗನ ಸೋದರಮಾವ ಸಮಿತಿಗೆ ಬಂದು, ಅರಿಶಿಣ ಕುಟ್ಟಿ ಇಟ್ಟ ಮೇಲೆ ಮದುಮಗನನ್ನೇ ಮಾಯ ಮಾಡುವ ಇದೆಂಥ ಯಂತ್ರ ಎಂದು ಕೂಗಾಡಿದ.

ಮಡೆಪ್ಪ ಅಂಜಲಿಲ್ಲ. ಅವನಿಗೆ ಬೇಕಾಗಿದ್ದ ಸಂದರ್ಭವೇ ಇದು. ಇದಕ್ಕೆ ಲೆಫ್ಟ್ ಜಾಯಿನ್ ಎಂಬ ದೊಡ್ಡ ವಿದ್ಯೆ ಇದೆ, ಎಡಗಡೆಯ ಟೇಬಲ್ಲಿನವರು ಬಲಗಡೆ ಜೋಡಿ ಇರಲಿ ಬಿಡಲಿ, ಒಬ್ಬರೂ ತಪ್ಪದೆ ಬರುತ್ತಾರೆ, ಜೋಡಿ ಇಲ್ಲದ ಕಡೆ ಜಾಗ ಖಾಲಿ ಉಳಿಯುತ್ತದೆ ಎಂದು ಸಮಿತಿಗೆ ಪಾಠ ಹೇಳಿದ. ಶಿವರಾಜಪ್ಪನವರು ಕವಳ ಒತ್ತಟ್ಟಿಗೆ ಸರಿಸಿಕೊಂಡು ಕೇಳಿದರು.

"ಎಡಕ್ಕ ಯಾರನ್ನ ಕೂಡಸ್ತಿ?"

"ವರಗೋಳನ್ರಿ ಕಾಕಾ."

"ಹೆಂಡತಿ ಎಡಕ್ಕ ಕೂಡ್ತಾಳಪ್ಪ. ಹಿರ್ಯಾರು ಮಾಡಿಟ್ಟಿದ್ದು. ನಿನ್ನ ಮಷಿನಿಗಿ ಅಷ್ಟೂ ತಿಳೀವಲ್ದೇನು?"

ಮಡೆಪ್ಪ ಸಣ್ಣಗೆ ನಕ್ಕ. ಇದು ಮಂಟಪವಲ್ಲ, ಕಂಪ್ಯೂಟರು. ಇದರಲ್ಲಿ ಎಡಕ್ಕೆ ಇದ್ದವನೇ ಯಜಮಾನ, ಯಜಮಾನ ಅಂದರೆ ಗಂಡಸು ಎಂದು ತಿಳಿಸಿ ಹೇಳಿದ. ಮುದುಕರಿಗೆ ವಿದ್ಯೆ ಹೇಳಿಕೊಟ್ಟ ತೃಪ್ತಿಯಲ್ಲಿ ಬಟನ್ ಒತ್ತಿದ. ನರಸಿಂಗ ಪ್ರತ್ಯಕ್ಷನಾದ. ಸೋದರಮಾವ ಕೈಮುಗಿದು ಹೋದ. ಪಟ್ಟಿಯ ಮೊದಲ ಸಾಲಿನಲ್ಲಿ ಇನ್ನೊಬ್ಬ ವರನೂ ಪ್ರತ್ಯಕ್ಷನಾಗಿದ್ದನ್ನು ಮಾತ್ರ ಯಾರೂ ನೋಡಲಿಲ್ಲ.

ಬೀದರಿನಲ್ಲಿ ಅಬ್ದುಲ ಸಮದನ ಫ್ಲೆಕ್ಸ್ ಅಂಗಡಿಗೆ ಮಡೆಪ್ಪ ತಾನೇ ಪೆನ್ ಡ್ರೈವ್ ಒಯ್ದ. ಅಲ್ಲಿ ಕೂತು ಅವನು ನೋಡಿದ್ದು ಕೊನೆಯ ಸಾಲನ್ನಷ್ಟೇ. ಹಳದಿ ಬೇಡ, ಕೆಂಪು ಹಾಕು. ಇನ್ನೂ ದಪ್ಪ ಮಾಡು. ಶ್ರೀ ಒಂಚೂರು ಮೇಲಕ್ಕೆತ್ತು ಎಂದು ಸಮದನ ಜೀವ ತಿಂದ. ಮೇಲೆ ಮೊದಲ ಸಾಲಿನಲ್ಲೇ ತನ್ನ ಹೆಸರಿದ್ದದ್ದು ಕೆಳಗಿನ ಹೆಸರಿನ ಮೋಹದಲ್ಲಿ ಕಾಣಲಿಲ್ಲ. ಸಮದನಿಗೆ ಮಾತ್ರ ಎಲ್ಲವೂ ಅರ್ಥವಾಯಿತು. ಮನುಷ್ಯನಿಗೆ ಮದುವೆ ಗೊತ್ತಾಗಿದೆ, ಅದಕ್ಕೇ ಇಷ್ಟು ಚಡಪಡಿಸುತ್ತಾನೆ ಎಂದುಕೊಂಡ. ಖಾಲಿ ಜಾಗದಲ್ಲಿ ಯಂತ್ರ ಬರೆದಿದ್ದ 'ನಲ್' ಎಂಬ ಇಂಗ್ಲಿಷ್ ಶಬ್ದ ಮಂಗಳಕಾರ್ಯಕ್ಕೆ ಶೋಭಿಸದು ಎಂದು ಅದನ್ನು ತೆಗೆದ. ನರಸಿಂಗನ ವಧುವಿನ ಹೆಸರು ಅಷ್ಟರಲ್ಲಿ ಪುಣೆಯಿಂದ ಫೋನಿನಲ್ಲಿ ಬಂತು. ಉಳಿದ ಒಂದೇ ಖಾಲಿ ಜಾಗದಲ್ಲಿ ಅವನು ತನ್ನ ಸಂಸ್ಕಾರಕ್ಕೆ ತಕ್ಕಂತೆ 'ನಿರೀಕ್ಷೆಯಲ್ಲಿ' ಎಂದು ಬರೆದ.

ಫ್ಲೆಕ್ಸ್ ಕಟ್ಟಿದ ಬೆಳಿಗ್ಗೆ ಮಡೆಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಭಾಲ್ಕಿ ಬಸ್ ನಿಲ್ದಾಣಕ್ಕೆ ಹೋದ. ಜನ ಫ್ಲೆಕ್ಸಿನ ಮುಂದೆ ಗುಂಪುಗೂಡಿದ್ದರು. ಅವನನ್ನು ಕಂಡು ದಾರಿ ಬಿಟ್ಟರು. ಚಹಾದ ಅಂಗಡಿಯ ಸಲಾವೋದ್ದೀನ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ.

"ಮುಬಾರಕ್ ಮಡೆಪ್ಪ ಭಾಯಿ."

"ಎಲ್ಲಾ ನಿಮ್ಮ ಆಶೀರ್ವಾದರಿ. ಭಾಳ ದಿನದ ಆಸೆ ಇತ್ತು."

"ಭಾಬಿಗಿ ಗೊತ್ತದೇನು?"

"ಗೊತ್ತಾಗ್ಲೆಂತನೇ ಔರಾದದಾಗೂ ಹಚ್ಚಸೇನಿ."

ಸಲಾವೋದ್ದೀನ ಬೆಂಚಿನ ಮೇಲೆ ಕೂತುಬಿಟ್ಟ. ಇಂಥ ಎದೆಗಾರಿಕೆಯನ್ನು ಅವನು ತನ್ನ ಅಂಗಡಿಯ ಮುಂದೆ ಎಂದೂ ನೋಡಿರಲಿಲ್ಲ. ಮಡೆಪ್ಪ ನಗುನಗುತ್ತ ಕೆಳಗಿನ ಕೆಂಪು ಸಾಲು ಓದಿದ, ಕಣ್ಣು ತುಂಬಿಕೊಂಡ, ಆಮೇಲೆ ಮೇಲಿನ ಸಾಲು ಓದಿದ. ಅವನ ಮುಖದ ನಗು ಹೊರಗೆ ಬರಲಾರದೆ ಒಳಗೆ ಹೋಗಲಾರದೆ ಹಾಗೇ ಉಳಿಯಿತು.

ಇದು ನಾನಲ್ಲ, ಲೆಫ್ಟ್ ಜಾಯಿನ್ ಎಂದು ಅವನು ಊರೆಲ್ಲ ಹೇಳುತ್ತ ತಿರುಗಿದ. ಮದುಮಗ ನಾಚಿಕೊಳ್ಳುತ್ತಾನೆ ಎಂದರು ಜನ. ಪಕ್ಕದ ಮನೆಯ ಗುಂಡಮ್ಮ ಆಯಿ ಮಧ್ಯಾಹ್ನವೇ ಬಂದು, ಹೊರಗಿನವಳನ್ನು ಯಾಕೆ ನಿರೀಕ್ಷೆ ಮಾಡುತ್ತೀ ತಮ್ಮಾ, ನನ್ನ ತಂಗಿಯ ಮಗಳಿದ್ದಾಳೆ, ಟ್ಯಾಂಕರಿನ ಮುಂದೆ ನಿಂತರೆ ಅವಳ ಕೊಡ ತುಂಬಿದ ಮೇಲೇ ಉಳಿದವರ ಪಾಳಿ ಎಂದು ಗುಣಗಾನ ಮಾಡಿದಳು. ಮಡೆಪ್ಪ ತನಗೆ ಹೆಂಡತಿ ಇದ್ದಾಳೆ ಎಂದ. ಇದ್ದರೆ ನೀರು ತುಂಬಲಿಕ್ಕೆ ಇಬ್ಬರಾದರು ಎಂದಳು ಗುಂಡಮ್ಮ. ಮರುದಿನ ಕ್ಷೌರದಂಗಡಿಯವನು ಕೇಳದೆಯೇ ಅವನ ಮೀಸೆಗೆ ಕಪ್ಪು ಹಚ್ಚಿದ.

ಅವನು ಓಡಿದ್ದು ಶಿವರಾಜಪ್ಪನವರ ಗದ್ದಿಗೆ. ಅಲ್ಲಿ ವಧೂವರರ ವಯಸ್ಸು ತಪಾಸಣೆಗೆ ಬಂದಿದ್ದ ಒಬ್ಬ ಅಧಿಕಾರಿ ಮೇಡಂ ಕೂತಿದ್ದರು. ಮೊದಲ ಸಾಲಿನ ವರ ತಾನಾಗಿಯೇ ಬಂದದ್ದು ಅವರಿಗೆ ಅನುಕೂಲವಾಯಿತು. ನಲವತ್ತು ದಾಟಿದ ವರ ಎಂದು ಕನ್ನಡಕದ ಮೇಲಿಂದ ನೋಡಿ, ಮೊದಲ ಹೆಂಡತಿ ಇದ್ದಾಳೇನು ಎಂದು ಕೇಳಿದರು. ಇದ್ದಾಳೆ, ತವರಿನಲ್ಲಿದ್ದಾಳೆ ಎಂದ. ಸೋಡಚೀಟಿ, ಅಂದರೆ ವಿಚ್ಛೇದನ, ಆಗಿದೆಯೇನು ಎಂದು ಕೇಳಿದರು. ಇಲ್ಲ ಎಂದು, ಮಡೆಪ್ಪ ಎಡಗಡೆ ಟೇಬಲ್, ಬಲಗಡೆ ಟೇಬಲ್, ಜೋಡಿಯಿಲ್ಲದೆ ಉಳಿಯುವ ಎಡಗಡೆಯವರು ಎಂದು ಬೆವರೊರೆಸಿಕೊಳ್ಳುತ್ತ ವಿವರಿಸಿದ. ಮೇಡಂ ತಾಳ್ಮೆಯಿಂದ ಕೇಳಿದರು.

"ನನಗ ಲೆಫ್ಟ್ ಗೊತ್ತಿಲ್ಲ, ರೈಟ್ ಗೊತ್ತಿಲ್ಲ. ಒಬ್ಬಾಕಿ ಇರ್ತಾ ಇನ್ನೊಬ್ಬಾಕಿನ ಮಾಡ್ಕೊಂಡ್ರ ಫೋರ್ ನೈಂಟಿ ಫೋರ್ ಅಷ್ಟ ಗೊತ್ತದ. ಏಳು ವರ್ಷ ಒಳಗ."

ಮಡೆಪ್ಪ ಶಿವರಾಜಪ್ಪನವರ ಕಾಲು ಹಿಡಿಯುವುದೊಂದೇ ಬಾಕಿ. ಅವರು ಶಾಂತವಾಗಿದ್ದರು. ಮದುವೆಗೆಂದು ಒಮ್ಮೆ ಬರೆದ ಹೆಸರನ್ನು ಅಳಿಸುವುದು ಅಪಶಕುನ, ಉಳಿದ ಮಕ್ಕಳಿಗೆ ಕೇಡು. ಪಟ್ಟಿಯಂತೆ ಮಣೆ, ತಾಳಿ, ಸೀರೆ ಎಲ್ಲ ತಂದಾಗಿದೆ. ನಿನ್ನ ಯಂತ್ರ ಮಾಡಿದ್ದನ್ನು ನಿನ್ನ ಯಂತ್ರದಿಂದಲೇ ಸರಿಮಾಡಿಕೋ ಎಂದರು. ಮಡೆಪ್ಪ ಅಂಗಡಿಗೆ ಓಡಿ ತನ್ನ ಸಾಲನ್ನು ಅಳಿಸಿದ. ಕಂಪ್ಯೂಟರಿನಲ್ಲಿ ಅಳಿಸುವುದು ಸುಲಭ. ಬಸ್ ನಿಲ್ದಾಣದಲ್ಲಿ ಅದಕ್ಕೆ ಬಟನ್ ಇರುವುದಿಲ್ಲ.

ಸಂಜೆ ಔರಾದಿನಿಂದ ಮಾವನ ಫೋನು ಬಂತು. ಅವರು ಬೈಯಲಿಲ್ಲ. ಮಳೆ, ಬಾವಿ, ಎಮ್ಮೆ ಎಲ್ಲ ಮಾತಾಡಿ ಕೊನೆಗೆ ಹೇಳಿದರು: "ಅಳಿಯಂದ್ರ, ಮದಿವಿಗಿ ನಮಗೂ ಒಂದು ಪತ್ರಿಕಾ ಕೊಟ್ಟಿದ್ರ ಛಲೋ ಇತ್ತು. ಎಷ್ಟಂದ್ರೂ ಹಳೀ ಬೀಗ್ರು ನಾವು."

ಸುಂದರಬಾಯಿಗೆ ಫೋನು ಕೊಡಿ ಎಂದು ಮಡೆಪ್ಪ ಅಂಗಲಾಚಿದ. ಅವಳು ನೀರು ಸೇದುತ್ತಿದ್ದಾಳೆ ಎಂದು ಮಾವ ಫೋನಿಟ್ಟರು. ಬಾವಿಯ ರಾಟೆಯ ಸದ್ದು ಫೋನಿನಲ್ಲಿ ಅವನಿಗೆ ಕೇಳಿಸಿತ್ತು. ಅವಳು ಇನ್ನು ಬರುವುದಿಲ್ಲ ಎಂಬ ಭಯ ಅವನಿಗೆ ಮೊದಲ ಸಲ ನಿಜವಾಗಿ ಹುಟ್ಟಿದ್ದು ಆಗ.

ಮರುದಿನವೇ ಬ್ಲೇಡು ಕಿಸೆಯಲ್ಲಿಟ್ಟುಕೊಂಡು ಔರಾದಿಗೆ ಹೋದ. ಬಸ್ ನಿಲ್ದಾಣದ ಎದುರು ಒಂದು ಕಬ್ಬಿನ ಹಾಲಿನ ಗಾಡಿಯ ಮೇಲೆ ಹತ್ತಿ ತನ್ನ ಸಾಲನ್ನಷ್ಟೇ ಕತ್ತರಿಸಬೇಕೆಂದು ಕೈ ಚಾಚಿದ. ಗಾಡಿ ಅಲುಗಾಡಿತು. ಬ್ಲೇಡು ಜಾರಿ ಫ್ಲೆಕ್ಸಿನ ಮೇಲಿದ್ದ ಸ್ವಾಮಿಗಳ ಗಡ್ಡದವರೆಗೆ ಹೋಯಿತು. ಸ್ವಾಮಿಗಳ ಫೋಟೋವನ್ನು ಯಾರೋ ಹರಿಯುತ್ತಿದ್ದಾರೆ ಎಂದು ಜನ ಸೇರಿದರು. ಪೇದೆ ಬದ್ರೋದ್ದೀನ ಅವನನ್ನು ಸೊಂಟ ಹಿಡಿದು ಇಳಿಸಿ, ಯಾಕೆ ಹರಿದೆ ಎಂದು ಕೇಳಿದ. ಅದರಲ್ಲಿ ನನ್ನ ಹೆಸರಿದೆ ಎಂದ ಮಡೆಪ್ಪ.

"ಹೆಸರು ಹಾಕಿಲ್ಲಂತ ಫ್ಲೆಕ್ಸ್ ಹರದವ್ರನ್ನ ಭಾಳ ಮಂದಿನ ನೋಡೇನಿ," ಎಂದ ಬದ್ರೋದ್ದೀನ, "ಹೆಸರು ಹಾಕ್ಯಾರಂತ ಹರದವ ನೀನೊಬ್ಬನೇ."

ಇವನು ಯಾರ ಪೈಕಿ ಎಂದು ವಿಚಾರಿಸಲು ಮಾವನನ್ನು ಕರೆಸಿದರು. ಮಾವ ಬಂದರು, ಹಿಂದೆ ಸೆರಗು ಹೊದ್ದ ಸುಂದರಬಾಯಿಯೂ ಬಂದಳು. ಇವರು ನಿಮ್ಮ ಅಳಿಯನೇ ಎಂದು ಕೇಳಿದಾಗ ಮಾವ, ಮದುವೆಯ ದಿನದವರೆಗೆ ಹೌದು, ಆಮೇಲೆ ನೋಡಬೇಕು ಎಂದರು. ಸುಂದರಬಾಯಿ ಫ್ಲೆಕ್ಸನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಗಂಡನ ಕಪ್ಪು ಹಚ್ಚಿದ ಮೀಸೆಯನ್ನೂ ಓದಿದಳು. ಸೆರಗು ಬಿಗಿಮಾಡಿಕೊಂಡು ಹೊರಟುಹೋದಳು. ಅವಳು ಬೈದಿದ್ದರೆ ಮಡೆಪ್ಪ ಅಂದು ರಾತ್ರಿ ಉಣ್ಣುತ್ತಿದ್ದ.

ಮದುವೆಯ ದಿನ ಭಾಲ್ಕಿಯ ಮೈದಾನದಲ್ಲಿ ದೊಡ್ಡ ಪೆಂಡಾಲು. ವೇದಿಕೆಯ ಮೇಲೆ ಸಾಲಾಗಿ ಜೋಡಿ ಮಣೆಗಳು, ಮೇಲೆ ಹೆಸರಿನ ಚೀಟಿಗಳು. ಮೊದಲ ಜೋಡಿ ಮಣೆ ಖಾಲಿ. ಊಟಕ್ಕಿಂತ ಆ ಮಣೆಯನ್ನು ನೋಡಲೆಂದೇ ಬಂದವರು ಹೆಚ್ಚು. ಮಡೆಪ್ಪ ವೇದಿಕೆಯ ಕೆಳಗೆ ಒಂದು ಮೇಜಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದರ ಹಿಂದೆ ಸಾಧ್ಯವಾದಷ್ಟು ಅಡಗಿದ್ದ. ಪಕ್ಕದಲ್ಲಿ ಅಧಿಕಾರಿ ಮೇಡಂ, ಅವನು ಎದ್ದು ಮಣೆಯ ಕಡೆ ಹೋದರೆ ಹಿಡಿಯಲು ಅನುಕೂಲವಾಗುವಂತೆ ಕುರ್ಚಿ ಹಾಕಿಸಿಕೊಂಡಿದ್ದರು. ಔರಾದಿನಿಂದ ಒಂದು ಟಂಟಂ ಆಟೋ ತುಂಬ ಮಾವನ ಮನೆಯವರು ಇಳಿದರು. ಸುಂದರಬಾಯಿ ನೇರವಾಗಿ ಬಂದು ಗಂಡನ ಕುರ್ಚಿಯ ಹಿಂದೆ ನಿಂತಳು.

ಅದೇ ಹೊತ್ತಿಗೆ ಹಲಬರ್ಗಾದ ಜಿಜಾಬಾಯಿ ಎಂಬಾಕೆ ಮಗಳ ಕೈ ಹಿಡಿದು ಮೇಜಿನ ಮುಂದೆ ಬಂದಳು. ಮಗಳು ಅನುಸೂಯಾಳ ಹಣೆಯಲ್ಲಿ ಬಾಸಿಂಗ, ಕೈಯಲ್ಲಿ ಹಸಿರು ಬಳೆ. ಹಿಂದೆ ಅವಳ ವರ ಗೋರಖನಾಥ ಎಂಬ ಹುಡುಗ, ಹೈದರಾಬಾದಿನ ರೈಲಿನಿಂದ ಇಳಿದು ನೇರವಾಗಿ ಬಂದವನು, ಅಂಗಿಯ ಮೇಲೆ ಇನ್ನೂ ಸಿಮೆಂಟಿನ ಕಲೆ. ಹೆಸರು ಬರೆಸಿ ಹೋಗಿದ್ದೇವೆ, ಎಲ್ಲರನ್ನೂ ಕರೆದರು, ನಮ್ಮ ಹುಡುಗಿಯನ್ನು ಕರೆಯಲಿಲ್ಲ, ಮಣೆಯೂ ಇಲ್ಲ, ತಾಳಿಯೂ ಇಲ್ಲ ಎನ್ನುತ್ತಾರೆ ಎಂದಳು ತಾಯಿ.

ಮಡೆಪ್ಪ ತಲೆಯೆತ್ತದೆ ಪಟ್ಟಿ ನೋಡಿದ. "ಪಟ್ಟ್ಯಾಗ ಹೆಸರಿಲ್ಲ ಆಯಿ. ಕಂಪ್ಯೂಟರ್ ಸುಳ್ಳು ಹೇಳೂದಿಲ್ಲ."

"ನಿಮ್ಮ ಹೆಸರು ಬಂದಾಗ ಖರೇ ಹೇಳಿತ್ತೇನ್ರಿ?" ಎಂದು ಹಿಂದಿನಿಂದ ಧ್ವನಿ ಬಂತು.

ಮಡೆಪ್ಪ ಕುರ್ಚಿ ತಿರುಗಿಸಿದ. ಎಷ್ಟೋ ದಿನದ ಮೇಲೆ ಕೇಳಿದ ಹೆಂಡತಿಯ ಧ್ವನಿ. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎಂದು ಅವನು ಅಲ್ಲೇ ತನ್ನ ಸಂಸಾರಕ್ಕಾಗಿ ಲೆಫ್ಟ್ ಜಾಯಿನ್ ವಿವರಿಸತೊಡಗಿದ. ಎಡಗಡೆ ಗಂಡಸರು. ಅವರು ಜೋಡಿ ಇದ್ದರೂ ಬರುತ್ತಾರೆ, ಇಲ್ಲದಿದ್ದರೂ ಬರುತ್ತಾರೆ. ಪರೀಕ್ಷೆಗೆಂದು ಬರೆದ ನನ್ನ ಹೆಸರು ಎಡಗಡೆ ಉಳಿದಿತ್ತು, ಅದಕ್ಕೇ ಬಂತು. ಬಲಗಡೆ ಯಾರೂ ಇಲ್ಲ. ನಿನ್ನಾಣೆ, ಯಾರೂ ಇಲ್ಲ. ಸುಂದರಬಾಯಿ ಅವನನ್ನೂ ನೋಡಿದಳು, ಬಾಸಿಂಗದ ಹುಡುಗಿಯನ್ನೂ ನೋಡಿದಳು.

"ಗಂಡಸರು ಒಂಟಿ ಇದ್ರೂ ಬರ್ತಾರ. ಮತ್ತ ಬಲಗಡಿ ಹೆಣಮಗಳು ಒಬ್ಬಾಕಿ ಇದ್ದು, ಎಡಗಡಿ ಆಕಿ ಗಂಡಸು ಇಲ್ಲಂದ್ರ?"

"ಆಕಿ ಬರೂದೇ ಇಲ್ಲ," ಎಂದು ಮಡೆಪ್ಪ ಕ್ಲಾಸಿನಲ್ಲಿ ಪಾಠ ಒಪ್ಪಿಸುವವನ ಹಾಗೆ ಹೇಳಿದ. ಹೇಳಿದ ಬಾಯಿ ತೆರೆದೇ ಉಳಿಯಿತು.

ಅವನು ವಧುಗಳ ಟೇಬಲ್ಲನ್ನು ಬೇರೆಯಾಗಿ ತೆರೆದ. ಅನುಸೂಯಾ ಅಲ್ಲಿದ್ದಳು. ಹೆಸರು, ಊರು, ತಾಯಿಯ ಹೆಸರು ಎಲ್ಲ ಅವನೇ ಒತ್ತಿದ್ದ. ವರನ ನಂಬರು ಮಾತ್ರ ಖಾಲಿ. ಹುಡುಗ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ, ಅವನ ಅರ್ಜಿ ಆಮೇಲೆ ಕೊಡುತ್ತೇವೆ ಎಂದು ಹೇಳಿ ತಾಯಿ ಮಗಳಿಬ್ಬರೂ ಅಲ್ಲಿಗೇ ಕೂಲಿಗೆ ಹೋಗಿದ್ದರು. ನರಸಿಂಗನ ವಧು ಬಾರದಿದ್ದಾಗ ಊರೇ ಕೂಗಾಡಿತ್ತು. ಅನುಸೂಯಾಳ ವರ ಬಾರದಿದ್ದಾಗ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಪಟ್ಟಿಯಲ್ಲಿ ಅವಳಿಗೆ ಖಾಲಿ ಜಾಗವೂ ಇರಲಿಲ್ಲ. ಇಲ್ಲದ ತನ್ನ ಮದುವೆಯನ್ನು ತಪ್ಪಿಸಲು ತಾನು ಜಿಲ್ಲೆಯೆಲ್ಲ ಓಡಾಡಿದ ದಿನಗಳಲ್ಲಿ, ಈ ಹುಡುಗಿಯ ಇದ್ದ ಮದುವೆಯನ್ನು ತಾನೇ ಅಳಿಸಿ ಕೂತಿದ್ದೆನಲ್ಲ ಎಂದು ಮಡೆಪ್ಪನಿಗೆ ನಿಜಕ್ಕೂ ನಾಚಿಕೆಯಾಯಿತು. ಅವನು ಎದ್ದು ಜಿಜಾಬಾಯಿಗೆ ಕೈಮುಗಿದ.

"ತಪ್ಪು ನಂದದ ಆಯಿ. ಕಂಪ್ಯೂಟರಿಂದಲ್ಲ. ಆ ಮೊದಲನೇ ಮಣಿ ನಿಮ್ಮ ಮಗಳದು."

ಅವನು ವೇದಿಕೆಯತ್ತ ಓಡಿದ್ದನ್ನು ಕಂಡು ಮೇಡಂ ಹಿಂದೆಯೇ ಓಡಿದರು. ಜನ ಸೀಟಿ ಹೊಡೆದರು. ಮಡೆಪ್ಪ ಮಣೆಯ ಮೇಲಿನ ತನ್ನ ಚೀಟಿ ಕಿತ್ತು ಶಿವರಾಜಪ್ಪನವರ ಕೈಗೆ ಕೊಟ್ಟು ಎಲ್ಲ ಹೇಳಿದ. ಹೆಸರು ಅಳಿಸಿದರೆ ಅಪಶಕುನ ಎಂದಿದ್ದ ಹಿರಿಯರು ಮಣೆ ತುಂಬಿದರೆ ಶುಭಶಕುನ ಎಂದು ಅಲ್ಲೇ ತೀರ್ಮಾನ ಕೊಟ್ಟರು. ಮೇಡಂ ಹುಡುಗಿಯ ಶಾಲೆಯ ಸರ್ಟಿಫಿಕೇಟು, ಹುಡುಗನ ಆಧಾರ ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಇಡೀ ಪಟ್ಟಿಯಲ್ಲಿ ಸರಿಯಾದ ಮೊದಲ ಸಾಲು ಇದೇ ಎಂದರು.

"ಹೆಣ್ಮಕ್ಕಳನ್ನ ಎಡಕ್ಕ ಕೂಡಸಂತ ನಾ ಅವತ್ತೇ ಹೇಳಿದ್ನಿ," ಎಂದು ಶಿವರಾಜಪ್ಪನವರು ಅಕ್ಷತೆ ಹಂಚುತ್ತ ಸಿಕ್ಕವರಿಗೆಲ್ಲ ಹೇಳಿದರು.

ಮೈಕಿನವನಿಗೆ ಮಾತ್ರ ಯಾರೂ ತಿಳಿಸಲಿಲ್ಲ. ಅವನು ಕೈಯಲ್ಲಿದ್ದ ಪಟ್ಟಿಯಂತೆ ವರ ಮಡೆಪ್ಪ ಎಂದು ಮೂರು ಸಲ ಕೂಗಿದ. ಗೋರಖನಾಥ ತಾಳಿ ಕಟ್ಟಿದ. ಪೆಂಡಾಲಿನ ತುದಿಯಲ್ಲಿ ಕೂತಿದ್ದವರು ಮೀಸೆಗೆ ಕಪ್ಪು ಹಚ್ಚಿದ ಮೇಲೆ ಮಡೆಪ್ಪ ಎಷ್ಟು ಚಿಕ್ಕವನಾಗಿ ಕಾಣುತ್ತಾನೆ ಎಂದು ಮೆಚ್ಚಿಕೊಂಡರು.

ಊಟ ಮುಗಿದು ಮಾವನ ಮನೆಯವರು ಟಂಟಂ ಹತ್ತಿದರು. ಸುಂದರಬಾಯಿಯೂ ಹತ್ತಿದಳು. ಮಡೆಪ್ಪ ಕೆಳಗೆ ನಿಂತು, ಮನೆಗೆ ಬಾ ಎನ್ನಬೇಕೆಂದು ಬಾಯಿ ತೆರೆದ. ಬಾ ಎಂದು ಯಾವ ಮನೆಗೆ ಕರೆಯುವುದು. ನಳದಲ್ಲಿ ಗಾಳಿ, ಹಂಡೆಯಲ್ಲಿ ಧೂಳು. ಸುಂದರಬಾಯಿಯೇ ಮಾತಾಡಿದಳು.

"ನಮ್ಮ ಮನಿ ಪಟ್ಟ್ಯಾಗ ಎಡಕ್ಕ ಯಾರ್ನ ಬರದೀರಿ?"

ಮಡೆಪ್ಪ ಬಹಳ ಹೊತ್ತು ಯೋಚಿಸಲಿಲ್ಲ. "ಇನ್ನ ಮುಂದ ನಿನ್ನ ಬರೀತೇನಿ."

"ಹಾಂಗಂದ್ರ ನಾ ಇದ್ದೇ ಇರ್ತೇನಿ. ನೀವು ಬಂದ್ರ ಬರ್ರಿ, ಇಲ್ಲಂದ್ರ ನಿಮ್ಮ ಜಾಗ ಖಾಲಿ."

ಅಷ್ಟು ಹೇಳಿ ಅವಳು ಒಂಚೂರು ಸರಿದು ಕೂತಳು. ಮಾವ ಆಕಾಶ ನೋಡಿದರು. ಡ್ರೈವರ್ ಗಾಡಿ ಚಾಲೂ ಮಾಡಿದ. ಮಡೆಪ್ಪ ಒಂದು ಸಲ ಅಂಗಡಿಯ ದಿಕ್ಕಿಗೆ ನೋಡಿದ, ಒಂದು ಸಲ ಮೀಸೆ ಮುಟ್ಟಿಕೊಂಡ, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಒತ್ತಿಕೊಂಡು ಚಲಿಸುವ ಗಾಡಿಗೆ ಹಾರಿ ಅವಳ ಬಲಕ್ಕೆ ಕೂತ.

ಆ ವರ್ಷ ಬೀದರ ಜಿಲ್ಲೆಯಿಂದ ಕೆಲವರು ಹೈದರಾಬಾದಿಗೆ ಗುಳೆ ಹೋದರು, ಕೆಲವರು ಪುಣೆಗೆ ಹೋದರು. ಮಾವನ ಮನೆಗೆ ಗುಳೆ ಹೋದವನು ಮಡೆಪ್ಪನೊಬ್ಬನೇ.